ಓದುಗರು ಕೇಳಿದ್ದು: ದೇಗುಲದ ನೆರಳಿನ ಮನೆಗಳು

ಬೇಲೂರು ತಾಲ್ಲೂಕಿನಲ್ಲಿ ಪಂಚಾಯಿತಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದ ನನಗೆ ಬಂದಿರುವ ಈ ಸಲದ ಪತ್ರಗಳೆಲ್ಲ ಹಳೇಬೀಡಿನವು. ಬೇರೆ ಊರಿನವರ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ಹೊಯ್ಸಳೇಶ್ವರ ದೇಗುಲದ ಹತ್ತಿರ ನಮ್ಮ ಮಾವನವರ ಕಾಲದ ಹೆಂಚಿನ ಮನೆಯಿದೆ. ಜಂತಿಗಳಿಗೆ ಗೆದ್ದಲು ಹತ್ತಿದೆ. ಮಳೆ ಬಂದರೆ ಅಡುಗೆಮನೆಯಲ್ಲಿ ಪಾತ್ರೆ ಇಟ್ಟು ನೀರು ಹಿಡಿಯುತ್ತೇವೆ. ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸೋಣವೆಂದರೆ, ‘ನೂರು ಮೀಟರ್ ಒಳಗಿದೆ, ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ’ ಎಂದು ಒಂದು ಕಚೇರಿಯಲ್ಲಿ ಹೇಳಿ ಕಳುಹಿಸಿದರು. ನಾವು ಊರು ಬಿಡಬೇಕೇ ಸರ್?
– ಗೃಹಿಣಿ, ಹಳೇಬೀಡು

ಉತ್ತರ: ಊರು ಬಿಡಬೇಡಿ ತಾಯಿ. ಮೊಳೆ ಹೊಡೆಯುವಂತಿಲ್ಲ ಎಂದು ಯಾವ ಕಾನೂನೂ ಹೇಳಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅಲ್ಲಿಂದಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಹಾಗಾಗಿ ನಿಮ್ಮ ಮನೆ ನಿಜಕ್ಕೂ ಎಷ್ಟು ದೂರದಲ್ಲಿದೆ ಎಂಬುದನ್ನು ಮೊದಲು ಪುರಾತತ್ವ ಇಲಾಖೆಯ ಸ್ಥಳೀಯ ಸಿಬ್ಬಂದಿಯಿಂದ ತಿಳಿದುಕೊಳ್ಳಿ. ಕಣ್ಣಂದಾಜು ನಂಬಬೇಡಿ.

ನೂರು ಮೀಟರ್ ಒಳಗೇ ಇದ್ದರೆ ಆರ್‌ಸಿಸಿಯ ಆಸೆಯನ್ನು ಬಿಡಬೇಕು. ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟುವುದಕ್ಕೆ ಅಲ್ಲಿ ಅವಕಾಶವಿಲ್ಲ. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ದುರಸ್ತಿಗೆ ದಾರಿಯಿದೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂಥ ಅರ್ಜಿಗಳ ಮೇಲೆ ಆದೇಶ ಕೊಡಲು ನೇಮಕವಾದ ಅಧಿಕಾರಿಗೆ, ಅರ್ಜಿ ಹಾಕಬಹುದು. ಹುಳ ಹಿಡಿದ ಜಂತಿ, ಒಡೆದ ಹೆಂಚು, ಉದುರಿದ ಗಾರೆ ಎಂದು ಏನೇನು ಬದಲಾಗಬೇಕೋ ಅದನ್ನು ಬಿಡಿಬಿಡಿಯಾಗಿ ಬರೆಯಿರಿ. ‘ಮನೆ ದುರಸ್ತಿ’ ಎಂದಷ್ಟೇ ಬರೆದ ಅರ್ಜಿಗಳು ವಿವರಣೆ ಕೇಳಿಕೊಂಡು ವಾಪಸು ಬರುವುದನ್ನು ಬಹಳ ನೋಡಿದ್ದೇನೆ. ಮನೆ ಹಳೆಯದು ಎನ್ನುವುದಕ್ಕೆ ನಿಮ್ಮ ಮಾವನವರ ಹೆಸರಿನ ಕಂದಾಯ ರಸೀದಿ, ಹಳೆಯ ವಿದ್ಯುತ್ ಬಿಲ್ಲು, ಪಂಚಾಯಿತಿ ತೆರಿಗೆ ಪುಸ್ತಕದ ನಕಲು, ಹೀಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿ. ಅಟ್ಟದ ಮೇಲಿನ ಟ್ರಂಕನ್ನೂ ಒಮ್ಮೆ ತೆಗೆದು ನೋಡಿ.

ಕಾಯ್ದೆ ಗಡುವನ್ನೂ ಹೇಳುತ್ತದೆ. ಅರ್ಜಿ ಹದಿನೈದು ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕು, ಅಲ್ಲಿಂದ ಎರಡು ತಿಂಗಳಲ್ಲಿ ಶಿಫಾರಸು ಬರಬೇಕು, ಆಮೇಲೆ ಒಂದು ತಿಂಗಳಲ್ಲಿ ಆದೇಶವಾಗಬೇಕು. ದೀಪಾವಳಿ ಮುಗಿಯುತ್ತಲೇ ಅರ್ಜಿ ಹಾಕಿದರೆ ಶಿವರಾತ್ರಿಯ ಹೊತ್ತಿಗೆ ಉತ್ತರ ಕೇಳುವ ಹಕ್ಕು ನಿಮಗಿರುತ್ತದೆ, ಮುಂಗಾರಿಗೆ ಮುಂಚೆ ಹೆಂಚು ಹೊದಿಸಬಹುದು. ಸ್ವೀಕೃತಿ ಪತ್ರ ಪಡೆಯದೆ ಯಾವ ಕಚೇರಿಯಿಂದಲೂ ಎದ್ದು ಬರಬೇಡಿ.

ಪ್ರಶ್ನೆ: ದೇಗುಲದ ಹೊರಗೆ ಎಳನೀರು ಮಾರುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ವ್ಯಾಪಾರಕ್ಕೆ ಕೂರುವ ಹೆಂಗಸರಿಗೆ ಹತ್ತಿರದಲ್ಲಿ ಶೌಚಾಲಯ ಬೇಕು ಎಂದು ಕೇಳಿದರೆ, ‘ಸ್ಮಾರಕದ ಪಕ್ಕ ಅಂಥದ್ದನ್ನು ಕಟ್ಟುವಂತಿಲ್ಲ’ ಎನ್ನುತ್ತಾರೆ. ಚರಂಡಿಗೂ ಅದೇ ಮಾತು. ನಿಜವೇ ಅಣ್ಣ?
– ವ್ಯಾಪಾರಸ್ಥೆ

ಉತ್ತರ: ನಿಜವಲ್ಲ ತಂಗಿ. ಇದನ್ನು ಓದಿ ನನಗೆ ಬಹಳ ನೋವಾಯಿತು. ಸಾರ್ವಜನಿಕ ಶೌಚಾಲಯ, ಚರಂಡಿ, ಕುಡಿಯುವ ನೀರಿನ ಕಾಮಗಾರಿ, ವಿದ್ಯುತ್ ಪೂರೈಕೆ ಇವನ್ನು ಅದೇ ಕಾಯ್ದೆ ನಿರ್ಮಾಣದ ನಿಷೇಧದಿಂದ ಹೊರಗಿಟ್ಟಿದೆ. ಸ್ಮಾರಕದ ಸುತ್ತ ಮನುಷ್ಯರು ಬದುಕುತ್ತಾರೆ ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು. ಹಳೇಬೀಡಿನಲ್ಲಿ ಎಲ್ಲಿ ಅಗೆದರೂ ಹಳೆಯ ಕಲ್ಲು ಸಿಗಬಹುದು, ಆದ್ದರಿಂದ ಅಗೆಯುವ ಮುನ್ನ ಪುರಾತತ್ವ ಇಲಾಖೆಗೆ ತಿಳಿಸಿ ಅವರ ಕಣ್ಣೆದುರಿಗೇ ಕೆಲಸ ಮಾಡಿಸುವುದು ಸರಿ. ಆದರೆ ಆ ಎಚ್ಚರಿಕೆಯ ಹೆಸರಿನಲ್ಲಿ ಕೆಲಸವನ್ನೇ ಕೈಬಿಡುವುದು ಅನ್ಯಾಯ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಸೋಮನಾಥಪುರದ ಜೊತೆಗೆ ಹಳೇಬೀಡೂ ವಿಶ್ವಪರಂಪರೆಯ ಪಟ್ಟಿ ಸೇರಿತು. ನಾವೆಲ್ಲ ಸಿಹಿ ಹಂಚಿದೆವು, ಹಂಚಬೇಕಾದದ್ದೇ. ಜಗತ್ತು ನೋಡಲು ಬರುವ ಊರಿನಲ್ಲಿ ಎಳನೀರು ಮಾರುವ ಹೆಣ್ಣುಮಗಳು ದಿನವಿಡೀ ನೀರು ಕುಡಿಯದೆ ಕೂರಬಾರದು.

ನಿಮ್ಮೊಡನೆ ವ್ಯಾಪಾರ ಮಾಡುವ ಹೆಂಗಸರೆಲ್ಲ ಸಹಿ ಹಾಕಿ ಮನವಿ ಬರೆಯಿರಿ. ಅದನ್ನು ವಾರ್ಡ್ ಸಭೆಯಲ್ಲಿ ಓದಿಸಿ, ಗ್ರಾಮಸಭೆಯಲ್ಲಿ ನಡಾವಳಿ ಪುಸ್ತಕಕ್ಕೆ ಸೇರಿಸಿ. ಬಾಯಿಮಾತಿನ ಬೇಡಿಕೆಗೆ ಆಯುಸ್ಸು ಕಡಿಮೆ. ನಡಾವಳಿಯಲ್ಲಿ ಬರೆದದ್ದಕ್ಕೆ ಅಧಿಕಾರಿ ಉತ್ತರ ಕೊಡಲೇಬೇಕು. ಹಣವಿಲ್ಲ ಎಂದರೆ, 15ನೇ ಹಣಕಾಸು ಆಯೋಗ ಪಂಚಾಯಿತಿಗಳ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು, ಅದು ಯಾವುದಕ್ಕೆ ಖರ್ಚಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ.

ಪ್ರಶ್ನೆ: ಮಗಳು ಹಾಸನದಲ್ಲಿ ಪದವಿ ಓದುತ್ತಾಳೆ. ಶನಿವಾರ ಸಂಜೆ ಬಸ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ.
– ಒಬ್ಬ ತಂದೆ

ಉತ್ತರ: ಯಾವ ಹೊತ್ತಿನ ಬಸ್, ಎಷ್ಟು ಮಕ್ಕಳು ನಿಲ್ದಾಣದಲ್ಲೇ ಉಳಿದರು ಎಂಬುದನ್ನು ಕೆಲವು ಶನಿವಾರ ಬರೆದಿಟ್ಟುಕೊಂಡು, ಪೋಷಕರೆಲ್ಲ ಸೇರಿ ಡಿಪೊ ವ್ಯವಸ್ಥಾಪಕರನ್ನು ಕಾಣಿ. ಶಕ್ತಿ ಯೋಜನೆಯಲ್ಲಿ ಓಡಾಡುವ ಹೆಣ್ಣುಮಕ್ಕಳು ಶೂನ್ಯ ದರದ ಟಿಕೆಟ್ಟನ್ನು ತಪ್ಪದೆ ಕೇಳಿ ಪಡೆಯಲಿ. ಆ ಟಿಕೆಟ್ಟಿನಲ್ಲೇ ಅವರ ಪ್ರಯಾಣ ಲೆಕ್ಕಕ್ಕೆ ಸಿಗುತ್ತದೆ, ಹೆಚ್ಚುವರಿ ಬಸ್ ಕೇಳುವಾಗ ಆ ಲೆಕ್ಕವೇ ಆಧಾರ.

ಪ್ರಶ್ನೆ: ದ್ವಾರಸಮುದ್ರ ಕೆರೆಯ ಏರಿಯ ಮೇಲೆ ಊಟದ ತಟ್ಟೆ, ಬಾಟಲಿ ಬಿದ್ದಿರುತ್ತವೆ. ನಾವು ಕೆಲವು ಗೆಳೆಯರು ಆರಿಸುತ್ತೇವೆ, ಮತ್ತೆ ಬೀಳುತ್ತವೆ. ಪ್ರವಾಸಿಗರನ್ನು ತಡೆಯುವುದು ಹೇಗೆ?
– ಯುವಕ, ಬಸದಿಹಳ್ಳಿ

ಉತ್ತರ: ನಿಮ್ಮ ಕೆಲಸಕ್ಕೆ ನನ್ನ ನಮಸ್ಕಾರ. ಈ ಕೆರೆ ದೇಗುಲಕ್ಕಿಂತ ಹಿರಿಯದು, ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟದ್ದು. ಯಗಚಿ ನದಿಯ ನೀರು ರಣಘಟ್ಟದ ಒಡ್ಡಿನಿಂದ ಇಲ್ಲಿಗೆ ಹರಿಯಲಿ ಎಂದು ಹಳೇಬೀಡು, ಮಾದಿಹಳ್ಳಿ ಹೋಬಳಿಗಳ ರೈತರು ಬೀದಿಗಿಳಿದು ಹೋರಾಡಿದ್ದಾರೆ. ಅಷ್ಟು ಕಷ್ಟಪಟ್ಟು ಕೇಳಿದ ನೀರಿಗೆ ಪ್ಲಾಸ್ಟಿಕ್ ಬೀಳುವುದನ್ನು ನೋಡಿಕೊಂಡು ಸುಮ್ಮನಿರಲಾಗದು.

ಪ್ರವಾಸಿಗರನ್ನು ಮಾತ್ರ ದೂರಿದರೆ ಕೆಲಸ ಅರ್ಧವೇ ಆಗುತ್ತದೆ. ಆ ತಟ್ಟೆ, ಲೋಟಗಳಲ್ಲಿ ಎಷ್ಟೋ ನಮ್ಮೂರ ಅಂಗಡಿಯಿಂದಲೇ ಹೋಗುತ್ತವೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಕೈಚೀಲಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಅಂಗಡಿಯವರನ್ನು ಮೊದಲು ಕೂರಿಸಿಕೊಂಡು ಮಾತನಾಡಿ: ಅಡಿಕೆ ಹಾಳೆಯ ತಟ್ಟೆ ನಮ್ಮ ಸೀಮೆಗೆ ಹೊಸದಲ್ಲ. ಏರಿಯ ಎರಡೂ ತುದಿಗೆ ದೊಡ್ಡ ಬುಟ್ಟಿ ಇಡಿಸಿ, ಅದನ್ನು ಯಾವ ದಿನ ಯಾರು ಖಾಲಿ ಮಾಡುತ್ತಾರೆ ಎಂಬುದನ್ನೂ ಅಂದೇ ಗೊತ್ತುಪಡಿಸಿ. ತುಂಬಿ ಚೆಲ್ಲುವ ಬುಟ್ಟಿ ಇಲ್ಲದ ಬುಟ್ಟಿಗಿಂತ ಕೆಟ್ಟದ್ದು. ಗಣೇಶನ ಹಬ್ಬಕ್ಕೆ ಮುಂಚೆಯೇ ವಿಸರ್ಜನೆಗೆ ಪ್ರತ್ಯೇಕ ತೊಟ್ಟಿ ಕೇಳಿ. ಕೆರೆ ತುಂಬಿದಾಗ ಬಾಗಿನ ಬಿಡಲು ಬರುವ ಹಿರಿಯರನ್ನೂ ಜೊತೆಗೆ ಸೇರಿಸಿಕೊಳ್ಳಿ. ಅವರು ಹೇಳಿದರೆ ಊರು ಕೇಳುತ್ತದೆ.

ಪ್ರಶ್ನೆ: ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡಬೇಕೆಂದು ಸೊಸೆಯ ಆಸೆ. ಏನೇನು ಬೇಕು?
– ನಿವೃತ್ತ ಶಿಕ್ಷಕಿ

ಉತ್ತರ: ಒಳ್ಳೆಯ ಆಸೆ, ಬೆಂಬಲ ಕೊಡಿ. ಬೇಲೂರು ನೋಡಿಕೊಂಡು ಬಂದು ಇಲ್ಲಿ ಒಂದು ಗಂಟೆ ನಿಂತು ಹೊರಟುಹೋಗುವವರೇ ಹೆಚ್ಚು. ರಾತ್ರಿ ತಂಗಿದರೆ ಊರಿನ ಕೈಗೂ ನಾಲ್ಕು ಕಾಸು ಸಿಗುತ್ತದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸಿ, ಪಂಚಾಯಿತಿ ಮತ್ತು ಪೊಲೀಸ್ ಠಾಣೆಗೆ ತಿಳಿಸಿ. ಬಂದವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ನಿಗದಿತ ಫಾರಂನಲ್ಲಿ ಸರ್ಕಾರಕ್ಕೆ ಸಲ್ಲಿಸುವುದು ಕಡ್ಡಾಯ, ಅದನ್ನು ಆನ್‌ಲೈನ್‌ನಲ್ಲೇ ತುಂಬಬಹುದು. ಬೆಳಗ್ಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಡಲಿ, ಪೇಟೆಯ ತಿಂಡಿ ಬೇಡ. ಕೇದಾರೇಶ್ವರ ಗುಡಿ, ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯ ಹೊಳೆಯುವ ಕಂಬಗಳು, ಹುಲಿಕೆರೆಯ ಪುಷ್ಕರಣಿ ಇವುಗಳ ದಾರಿಯನ್ನು ಒಂದು ಹಾಳೆಯಲ್ಲಿ ಬರೆದು ಕೋಣೆಯ ಗೋಡೆಗೆ ಅಂಟಿಸಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ ಎಂಬುದನ್ನೂ ಅದರಲ್ಲೇ ಸೇರಿಸಿ.