ಬಿದಿಗೆ ಚಂದ್ರನೂ ಪಶ್ಚಿಮದ ಗುಡ್ಡವೂ

ಪ್ರಶ್ನೆ: ಬಿದಿಗೆಯ ಚಂದ್ರನ ಪಕ್ಕ ಶುಕ್ರ ಕಾಣುತ್ತಾನೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ರಾತ್ರಿ ಎಂಟಕ್ಕೆ ಅಂಗಳದಲ್ಲಿ ನಿಂತು ನೋಡಿದರೆ ಇಬ್ಬರೂ ಇಲ್ಲ. ಸುದ್ದಿ ಸುಳ್ಳೇ?
(ತೀರ್ಥಹಳ್ಳಿ)

ಉತ್ತರ: ಸುದ್ದಿ ಸುಳ್ಳಲ್ಲ, ನೀವು ಹೊರಗೆ ಬಂದದ್ದು ತಡ. ಪ್ರತಿ ಸಲವೂ ಇದೇ ದೂರು ಬರುವುದರಿಂದ ಈ ಬಾರಿ ಲೆಕ್ಕ ಸಮೇತ ಹೇಳುತ್ತೇನೆ. ಒಂದು ತಿಥಿಗೆ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುತ್ತಾನೆ. ಅಂದರೆ ಅಮಾವಾಸ್ಯೆ ಕಳೆದ ಎರಡನೇ ತಿಥಿಯಾದ ಬಿದಿಗೆಯಲ್ಲಿ ಅವನು 12ರಿಂದ 24 ಡಿಗ್ರಿಯೊಳಗೇ ಇರುತ್ತಾನೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಾಗಾಗಿ ಸೂರ್ಯ ಮುಳುಗಿದ ಮೇಲೆ ನಿಮಗೆ ಸಿಗುವುದು ಹೆಚ್ಚುಕಮ್ಮಿ ಮುಕ್ಕಾಲರಿಂದ ಒಂದೂವರೆ ಗಂಟೆ.

ಅದೂ ಬಯಲುಸೀಮೆಯ ಲೆಕ್ಕ. ನಮ್ಮಲ್ಲಿ ಪಶ್ಚಿಮಕ್ಕೆ ಗುಡ್ಡ, ಅದರ ಮುಂದೆ ಅಡಿಕೆ ತೋಟ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ, ಅದರ ಅಗಲ 10 ಡಿಗ್ರಿ. ಕಣ್ಣಿನ ಮಟ್ಟದಿಂದ ಗುಡ್ಡದ ನೆತ್ತಿಯವರೆಗೆ ಒಂದು ಮುಷ್ಟಿಯಾದರೆ 40 ನಿಮಿಷ ಹೋಯಿತು. ಎರಡು ಮುಷ್ಟಿಯಾದರೆ ಆ ಅಂಗಳ ಬಿಟ್ಟು ಪಶ್ಚಿಮ ತೆರೆದಿರುವ ಕೆರೆ ಏರಿಗೋ ಗದ್ದೆ ಬಯಲಿಗೋ ಹೋಗಿ. ಸೂರ್ಯಾಸ್ತವಾಗಿ 20 ನಿಮಿಷಕ್ಕೆ ಹುಡುಕಲು ಶುರುಮಾಡಿ. ಬೈನಾಕ್ಯುಲರ್ ಇದ್ದರೆ ಅಲ್ಲಿಯವರೆಗೆ ಚೀಲದಿಂದ ತೆಗೆಯಲೇಬೇಡಿ. ಗುಡ್ಡದ ಮರೆ ನಂಬಿ ಎತ್ತಿದರೆ, ಎರಡು ಹೆಜ್ಜೆ ಸರಿದಾಗ ಸೂರ್ಯ ನೇರ ಒಳಗೆ ಬಿದ್ದಾನು. ಹೋದ ಕಣ್ಣು ಮರಳುವುದಿಲ್ಲ.

ಇನ್ನೊಂದು ಗೊಂದಲ: ಕ್ಯಾಲೆಂಡರಿನಲ್ಲಿ ಅಚ್ಚಾಗಿರುವುದು ಸೂರ್ಯೋದಯದ ತಿಥಿ. ಬಿದಿಗೆ ಮಧ್ಯಾಹ್ನಕ್ಕೇ ಮುಗಿದಿದ್ದರೆ ಸಂಜೆ ಕಾಣುವುದು ತದಿಗೆಯ ಚಂದ್ರ, ಅವನು ಇನ್ನೂ ಮೇಲಿರುತ್ತಾನೆ. ಯುತಿಯ, ಅಂದರೆ ಚಂದ್ರ ಶುಕ್ರನ ಪಕ್ಕ ಹಾದುಹೋಗುವ, ಸಮಯ ಮಧ್ಯಾಹ್ನ ಎರಡು ಎಂದಿದ್ದರೂ ಅಷ್ಟೇ. ಚಂದ್ರ ತಾರೆಗಳ ನಡುವೆ ಗಂಟೆಗೆ ಅರ್ಧ ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಸಂಜೆ ಏಳರ ಹೊತ್ತಿಗೆ ಎರಡೂವರೆ ಡಿಗ್ರಿ, ಅಂದರೆ ಐದು ಚಂದ್ರಬಿಂಬದಷ್ಟು ಸರಿದಿರುತ್ತಾನೆ. ‘ಅಂಟಿಕೊಂಡಂತೆ’ ಕಾಣಲಿಲ್ಲ ಎಂದು ಬರೆಯುವವರು ಇದನ್ನು ಗಮನಿಸಿ.

ಪ್ರಶ್ನೆ: ಈ ಯುತಿಗೆ ಶಾಂತಿ ಮಾಡಿಸಬೇಕೆಂದು ಜ್ಯೋತಿಷಿಯೊಬ್ಬರು ಹಣ ಕೇಳುತ್ತಿದ್ದಾರೆ. (ಸಾಗರ)

ಉತ್ತರ: ಒಂದು ಪೈಸೆಯೂ ಕೊಡಬೇಡಿ. ಚಂದ್ರ ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಶುಕ್ರನನ್ನು ದಾಟುತ್ತಾನೆ, ಇಬ್ಬರ ನಡುವಿನ ದೂರ ಕೋಟಿಗಟ್ಟಲೆ ಕಿಲೋಮೀಟರ್. ಹೆದರಿಸಿ ಹಣ ಕೀಳುವುದು ಮೋಸ.

ಪ್ರಶ್ನೆ: ಆಗಸ್ಟ್ 27ರಂದು ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆಯೇ? (ಭದ್ರಾವತಿ)

ಉತ್ತರ: ಎಂದೂ ಇಲ್ಲ. ಹಾಗೆಂದು ಬಂದ ಸಂದೇಶ ಅಳಿಸಿ.

ಪ್ರಶ್ನೆ: ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದಂತೆ, ಹೌದೇ? (ಹೊಸನಗರ)

ಉತ್ತರ: ಬರುವುದಿಲ್ಲ, ಧೈರ್ಯವಾಗಿ ನೋಡಿ. ಭಾದ್ರಪದದ ಚೌತಿಯ ಸಂಜೆ ಚಂದ್ರ ಚಿತ್ತಾ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೆ. ನೀಲಿ ಬಿಳುಪಿನ ಒಂಟಿ ತಾರೆ ಅದು. ನಮ್ಮ ಮಳೆಗಾಲದಲ್ಲಿ ಮೋಡ ಹತ್ತು ನಿಮಿಷ ಬಿರಿದರೂ ಸಾಕು, ಗುರುತಿಸಬಹುದು.