ಕಾಸರಗೋಡಿನವರು ಎರಡು ರಾಜ್ಯಗಳ ಸಾಮಾನ್ಯ ಜ್ಞಾನ ಓದುತ್ತೇವೆ

ನೀವು ಬೆಂಗಳೂರಿನಿಂದ ಫೋನು ಮಾಡಿ ಕೇಳಿದ ಪ್ರಶ್ನೆಗೆ ಆ ಹೊತ್ತಿನಲ್ಲಿ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ‘ಕನ್ನಡದವರಾಗಿದ್ದೂ ಕೇರಳದ ಸರ್ಕಾರಿ ನೌಕರಿಗೆ ಏಕೆ ಓದುತ್ತೀರಿ, ಮಲಯಾಳದಲ್ಲಿ ಪರೀಕ್ಷೆ ಬರೆದು ಪಾಸಾಗುವುದು ನಿಮ್ಮಿಂದ ಆಗುವ ಕೆಲಸವೇ, ಇಲ್ಲಿಗೇ ಬಂದು ಬರೆಯಬಾರದೇ’ ಎಂದಿರಿ. ಪ್ರೀತಿಯಿಂದಲೇ ಕೇಳಿದಿರಿ ಎಂಬುದು ನನಗೆ ಗೊತ್ತು. ಆದರೆ ನಾವು ಇಲ್ಲಿ ಯಾರದೋ ಮನೆಯ ಜಗಲಿಯಲ್ಲಿ ತಾತ್ಕಾಲಿಕವಾಗಿ ಕುಳಿತವರು ಎಂಬ ಎಣಿಕೆ ಆ ಮಾತಿನೊಳಗೆ ಇದೆ. ಆ ಎಣಿಕೆ ತಪ್ಪು ಎಂದು ತಿಳಿಸುವುದಕ್ಕಾಗಿಯೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲಾಗಿ, ಕೇರಳ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿ ಮತ್ತು ತಮಿಳಿನಲ್ಲಿ ಪ್ರಶ್ನೆಪತ್ರಿಕೆ ಇದೆ. ಆಯೋಗದ ‘ತುಳಸಿ’ ಎಂಬ ಜಾಲತಾಣದಲ್ಲಿ ಒಂದು ಸಲ ಹೆಸರು ನೋಂದಾಯಿಸಿ, ಕನ್ನಡ ಮಾಧ್ಯಮವನ್ನು ಆರಿಸಿ, ಬರೆಯುತ್ತೇನೆಂದು ಕನ್ಫರ್ಮೇಶನ್ ಕೊಟ್ಟರೆ ಹಾಲ್ ಟಿಕೆಟ್ ಬರುತ್ತದೆ. ನೂರು ಪ್ರಶ್ನೆ, ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆ, ಒಂದು ತಪ್ಪಿಗೆ ಅಂಕದ ಮೂರನೇ ಒಂದು ಭಾಗ ಕಡಿತ. ಪದವಿ ಮಟ್ಟದ ಪ್ರಾಥಮಿಕ ಪರೀಕ್ಷೆಯಲ್ಲಿ ಗಣಿತ ಮತ್ತು ಮಾನಸಿಕ ಸಾಮರ್ಥ್ಯಕ್ಕೆ 20, ಇಂಗ್ಲಿಷಿಗೆ 20, ಪ್ರಾದೇಶಿಕ ಭಾಷೆಗೆ 10 ಅಂಕಗಳಿದ್ದು, ಆ ಹತ್ತನ್ನು ನಾವು ಕನ್ನಡದಲ್ಲಿ ಬರೆಯಬಹುದು. ಪದಶುದ್ಧಿ, ವಾಕ್ಯಶುದ್ಧಿ, ವಿರುದ್ಧಾರ್ಥಕ, ಗಾದೆಗಳಂಥ ಪ್ರಶ್ನೆಗಳು ಅಲ್ಲಿ ಬರುತ್ತವೆ.

ಮಾನಸಿಕ ಸಾಮರ್ಥ್ಯದ, ಅಂದರೆ ರೀಸನಿಂಗ್ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಸಂಖ್ಯಾಶ್ರೇಣಿ, ಗಡಿಯಾರ, ಕ್ಯಾಲೆಂಡರು, ದಿಕ್ಕು, ಕೋಡಿಂಗ್ ಇವೆಲ್ಲ ಎರಡು ರಾಜ್ಯಗಳ ಗಡಿಯಾದ ತಲಪಾಡಿ ಚೆಕ್‌ಪೋಸ್ಟಿನ ಆಚೆಗೂ ಈಚೆಗೂ ಒಂದೇ. ದಿನವೂ ಒಂದಿಷ್ಟು ಲೆಕ್ಕ ಬಿಡಿಸಿದರೆ ಕೈ ಕುದುರುತ್ತದೆ. ಇಂಗ್ಲಿಷು ಕನ್ನಡ ಮಾಧ್ಯಮದವರಿಗೆ ಕಷ್ಟವೇ, ಆದರೆ ಮಲಯಾಳ ಮಾಧ್ಯಮದಿಂದ ಬಂದವರಿಗೂ ಅಷ್ಟೇ ಕಷ್ಟ. ಪ್ರಿಪೊಸಿಷನ್ ಮತ್ತು ಟೆನ್ಸ್ ಎಲ್ಲರನ್ನೂ ಸಮವಾಗಿಯೇ ಕಾಡುವುದರಿಂದ ಆ ಭಾಗದಲ್ಲಿ ನಮಗೆ ದೂರಿಲ್ಲ.

ಉಳಿದ ಐವತ್ತು ಅಂಕಗಳ ಸಾಮಾನ್ಯ ಜ್ಞಾನವೇ ನಮ್ಮ ನಿತ್ಯದ ಹೋರಾಟ. ಪರೀಕ್ಷೆ ಬರೆಯುವವನಿಗೆ ಒಂದು ರಾಜ್ಯ, ಒಂದು ಚರಿತ್ರೆ ಇರುತ್ತದೆ ಎಂದು ಭಾವಿಸಿಕೊಂಡು ಎಲ್ಲ ಪಠ್ಯಕ್ರಮಗಳೂ ರೂಪುಗೊಂಡಿವೆ. ನೌಕರಿಯ ಆಸೆಯಿಂದ ಎರಡೂ ಕಡೆಗೆ ಅರ್ಜಿ ಹಾಕುವ ನಮ್ಮಂಥವರು ಎರಡೂ ಚರಿತ್ರೆಗಳನ್ನು ಓದುತ್ತೇವೆ. ಎಡಪುಟ ಕೇರಳಕ್ಕೆ, ಬಲಪುಟ ಕರ್ನಾಟಕಕ್ಕೆ ಎಂದು ವಿಂಗಡಿಸಿದ ಒಂದು ನೋಟುಪುಸ್ತಕ ನನ್ನಲ್ಲಿದೆ. ಎಡಗಡೆ ರಾಜ್ಯಪಕ್ಷಿ ಮಲಮುಳಕ್ಕಿ ವೇಳಾಂಬಲ್ ಅಂದರೆ ಮಂಗಟ್ಟೆ ಹಕ್ಕಿ, ಬಲಗಡೆ ನೀಲಕಂಠ. ಎಡಗಡೆ ರಾಜ್ಯವೃಕ್ಷ ತೆಂಗು, ಬಲಗಡೆ ಶ್ರೀಗಂಧ. ಎಡಗಡೆ ಎಳುತ್ತಚ್ಛನ್ ಪುರಸ್ಕಾರ, ಬಲಗಡೆ ಪಂಪ ಪ್ರಶಸ್ತಿ. ರಾಜ್ಯಪ್ರಾಣಿ ಮಾತ್ರ ಎರಡೂ ಕಡೆ ಆನೆಯೇ. ಕೇರಳದ ಪರೀಕ್ಷೆಗೆ ವೈಕಂ ಸತ್ಯಾಗ್ರಹ ನಡೆದ 1924, ಗುರುವಾಯೂರು ಸತ್ಯಾಗ್ರಹದ 1931, ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆಯ 1936, ಇವುಗಳ ಜೊತೆಗೆ ಸಮಾಜ ಸುಧಾರಕರಾದ ಶ್ರೀ ನಾರಾಯಣ ಗುರು, ಅಯ್ಯಂಕಾಳಿ, ಚಟ್ಟಂಬಿ ಸ್ವಾಮಿಗಳ ಬದುಕಿನ ಒಂದೊಂದು ಘಟ್ಟವೂ ಬಾಯಲ್ಲಿರಬೇಕು. ಕರ್ನಾಟಕದ ಪರೀಕ್ಷೆಗೆ ಕದಂಬರಿಂದ ಹಿಡಿದು ಏಕೀಕರಣದವರೆಗಿನ ಇನ್ನೊಂದು ಸಾಲು ಬೇಕು.

ಆ ಪುಸ್ತಕದಲ್ಲಿ ನಾನು ಹೆಚ್ಚು ಸಲ ತೆರೆಯುವುದು 1956ರ ನವೆಂಬರ್ 1 ಇರುವ ಪುಟವನ್ನು. ಎಡಗಡೆ ಹೀಗಿದೆ: ತಿರುವಾಂಕೂರು-ಕೊಚ್ಚಿ ರಾಜ್ಯದ ತೆಂಕಣ ತಾಲೂಕುಗಳು ಮದ್ರಾಸಿಗೆ ಹೋಗಿ, ಮದ್ರಾಸಿನ ಮಲಬಾರ್ ಜಿಲ್ಲೆ ಮತ್ತು ಕಾಸರಗೋಡು ತಾಲೂಕು ಬಂದು ಸೇರಿ ಕೇರಳವಾಯಿತು. ಬಲಗಡೆ ಹೀಗಿದೆ: ಮೈಸೂರು, ಕೊಡಗು, ಮುಂಬಯಿ ಪ್ರಾಂತದ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು ಜಿಲ್ಲೆಗಳು, ಕೊಳ್ಳೇಗಾಲ, ಮತ್ತು ಕಾಸರಗೋಡು ತಾಲೂಕನ್ನು ಬಿಟ್ಟು ಉಳಿದ ದಕ್ಷಿಣ ಕನ್ನಡ ಸೇರಿ ವಿಶಾಲ ಮೈಸೂರು ಆಯಿತು. ಎರಡೂ ಪುಟಗಳಲ್ಲಿ ಹೆಸರು ಹಿಡಿದು ಬರೆದಿರುವುದು ನಮ್ಮ ತಾಲೂಕನ್ನೇ; ಒಂದರಲ್ಲಿ ಸೇರಿದ್ದೆಂದು, ಇನ್ನೊಂದರಲ್ಲಿ ಬಿಟ್ಟದ್ದೆಂದು. ಆ ದಿನ ಇಲ್ಲಿ ಕೇರಳಪಿರವಿ ಅಂದರೆ ಕೇರಳ ಹುಟ್ಟಿದ ದಿನ, ನಿಮ್ಮಲ್ಲಿ ರಾಜ್ಯೋತ್ಸವ. ನಮ್ಮ ಅಜ್ಜಂದಿರು ಆ ದಿನ ಬೀದಿಗಿಳಿದು ಪ್ರತಿಭಟಿಸಿದವರು. 1967ರಲ್ಲಿ ಗಡಿ ವಿವಾದ ಬಗೆಹರಿಸಲು ನೇಮಿಸಿದ್ದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದ್ದನ್ನು ಬಲಪುಟದಲ್ಲಿ ಬರೆದುಕೊಂಡಿದ್ದೇನೆ. ಎಡಪುಟದಲ್ಲಿ 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದನ್ನು. ಎರಡೂ ಅಂಕ ತರುವ ವಿಷಯಗಳೇ.

ಇನ್ನೊಂದು ತೊಡಕು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಕೇರಳದ ಚರಿತ್ರೆಯನ್ನು ತಿರುವಾಂಕೂರು, ಕೊಚ್ಚಿ, ಮಲಬಾರ್ ಎಂದು ಮೂರು ಭಾಗ ಮಾಡಿ ಓದಿಸುತ್ತಾರೆ. 1956ರ ಮೊದಲು ನಾವು ಆ ಮೂರರಲ್ಲಿ ಯಾವುದರಲ್ಲೂ ಇರಲಿಲ್ಲ, ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪದವಿಯನ್ನು ಕೊಟ್ಟದ್ದು ಮದ್ರಾಸ್ ಸರ್ಕಾರವಾದದ್ದೂ ಅದೇ ಕಾರಣದಿಂದ. ಬೇಕಲ ಕೋಟೆ ಎಡಪುಟದಲ್ಲಿ ಕೇರಳದ ಅತಿ ದೊಡ್ಡ ಕೋಟೆ, ಬಲಪುಟದಲ್ಲಿ ಕೆಳದಿಯ ಶಿವಪ್ಪ ನಾಯಕನ ಕೆಲಸ. 1941ರ ಕಯ್ಯೂರಿನ ರೈತ ಹೋರಾಟ, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ್ದು, ಕೇರಳದ ಪರೀಕ್ಷೆಗಳಲ್ಲಿ ನಮ್ಮ ಜಿಲ್ಲೆಗೆ ಸಿಗುವ ದೊಡ್ಡ ಜಾಗ. ಕೇರಳದ 44 ನದಿಗಳಲ್ಲಿ ಅತಿ ಚಿಕ್ಕದು ಯಾವುದು ಎಂಬ ಪ್ರಶ್ನೆಯೂ ಪರೀಕ್ಷಕರಿಗೆ ಪ್ರಿಯವಾದದ್ದು. ಉತ್ತರ 16 ಕಿಲೋಮೀಟರ್ ಉದ್ದದ ಮಂಜೇಶ್ವರ ಹೊಳೆ. ಆ ಪ್ರಶ್ನೆ ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ತಿರುವನಂತಪುರದ ಹುಡುಗ ಅದನ್ನು ಬಾಯಿಪಾಠ ಮಾಡುತ್ತಾನೆ, ನಾವು ಬಸ್ಸಿನಲ್ಲಿ ಅದನ್ನು ದಾಟಿಯೇ ಕಾಲೇಜಿಗೆ ಹೋದವರು.

ಇದನ್ನೆಲ್ಲ ಓದಲು ಕನ್ನಡದಲ್ಲಿ ಪುಸ್ತಕ ಇಲ್ಲದಿರುವುದೇ ನನ್ನ ನಿಜವಾದ ದೂರು. ಪ್ರಶ್ನೆಪತ್ರಿಕೆ ಕನ್ನಡದಲ್ಲಿದೆ, ತಯಾರಿಗೆ ಬೇಕಾದದ್ದು ಕನ್ನಡದಲ್ಲಿ ಇಲ್ಲ. ಅಂಗಡಿಗಳಲ್ಲಿ ಸಿಗುವ, ಪರೀಕ್ಷಾ ತಯಾರಿಯ ದಪ್ಪನೆಯ ರ‍್ಯಾಂಕ್ ಫೈಲುಗಳೆಲ್ಲ ಮಲಯಾಳದಲ್ಲಿವೆ, ಕೋಚಿಂಗ್ ತರಗತಿಗಳೂ ಮಲಯಾಳದಲ್ಲಿಯೇ ನಡೆಯುತ್ತವೆ. ಮಂಗಳೂರಿನ ಅಂಗಡಿಗಳಲ್ಲಿ ಕನ್ನಡದ ಸ್ಪರ್ಧಾತ್ಮಕ ಪುಸ್ತಕಗಳು ರಾಶಿ ರಾಶಿ ಇದ್ದರೂ ಅವುಗಳಲ್ಲಿ ವೈಕಂ ಎರಡು ಸಾಲಿಗೆ ಮುಗಿದುಹೋಗುತ್ತದೆ. ನಮ್ಮನ್ನು ಕಾಪಾಡುವುದು ಶಾಲೆಯ ಹಳೆಯ ಪಠ್ಯಪುಸ್ತಕಗಳು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೇರಳದ ಪಠ್ಯಪುಸ್ತಕಗಳನ್ನು ರೂಪಿಸುವ ಎಸ್‌ಸಿಇಆರ್‌ಟಿ ಪಠ್ಯವೇ ಕನ್ನಡದಲ್ಲಿ ಬರುತ್ತದೆ, ಪರೀಕ್ಷೆಯ ಬಹಳಷ್ಟು ಪ್ರಶ್ನೆಗಳೂ ಆ ಪಠ್ಯದಿಂದಲೇ ಹುಟ್ಟುತ್ತವೆ. ಐದರಿಂದ ಹತ್ತರವರೆಗಿನ ಸಮಾಜ ಮತ್ತು ವಿಜ್ಞಾನ ಪುಸ್ತಕಗಳನ್ನು ಅಕ್ಕಪಕ್ಕದ ಮಕ್ಕಳಿಂದ ಪಡೆದು ಓದುವ ಪದವೀಧರರು ಪೈವಳಿಕೆಯಿಂದ ಮುಳ್ಳೇರಿಯದವರೆಗೆ ಪ್ರತಿ ಊರಿನಲ್ಲೂ ಸಿಗುತ್ತಾರೆ. ಪ್ಲಸ್ ಟು ಹಂತಕ್ಕೆ ಬಂದರೆ ಕನ್ನಡದಲ್ಲಿ ಪಠ್ಯ ಸಿಗುವುದೂ ಕಷ್ಟ. ಅಲ್ಲಿಂದ ಮೇಲೆ ಮಲಯಾಳದ ರ‍್ಯಾಂಕ್ ಫೈಲನ್ನು ಓದಬಲ್ಲ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕನ್ನಡದಲ್ಲಿ ಬರೆದುಕೊಳ್ಳುತ್ತೇವೆ. ಹೀಗೆ ಬರೆದುಕೊಂಡ ನೋಟುಗಳು ಜೆರಾಕ್ಸ್ ಆಗಿ ಬದಿಯಡ್ಕ, ಪೆರ್ಲ, ಉಪ್ಪಳಗಳಲ್ಲಿ ಕೈಯಿಂದ ಕೈಗೆ ಹೋಗುತ್ತವೆ. ಪ್ರಚಲಿತ ವಿದ್ಯಮಾನಗಳಿಗಂತೂ ಬೆಳಗ್ಗೆ ಒಂದು ಮಲಯಾಳ ಪತ್ರಿಕೆ, ಒಂದು ಕನ್ನಡ ಪತ್ರಿಕೆ ಎರಡನ್ನೂ ನೋಡದೆ ದಾರಿಯಿಲ್ಲ.

‘ಇಲ್ಲಿಗೇ ಬನ್ನಿ’ ಎಂದಿರಲ್ಲ, ಬರುವುದುಂಟು. ಕರ್ನಾಟಕ ಲೋಕಸೇವಾ ಆಯೋಗದ 150 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ತೇರ್ಗಡೆಗೆ ಬೇಕಾದ 50 ಅಂಕ ನಮ್ಮ ಹುಡುಗಿಯರಿಗೆ ದೊಡ್ಡ ಮಾತಲ್ಲ. ಆದರೆ ಕೇರಳದ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರಕ್ಕೆ ಗಡಿಯಾಚೆ ಮೀಸಲಾತಿ ಸಿಗುವುದಿಲ್ಲ. ಇಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಹುಡುಗಿ ಅಲ್ಲಿ ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕು. ಬ್ಯಾಂಕಿನ ಕ್ಲಾರ್ಕ್ ಪರೀಕ್ಷೆಗೆ ಒಂದು ರಾಜ್ಯವನ್ನಷ್ಟೇ ಆರಿಸಿಕೊಳ್ಳಬೇಕು, ಆ ರಾಜ್ಯದ ಭಾಷೆ ಬರಬೇಕು. ಕನ್ನಡ ಬಲ್ಲ ನಮ್ಮವರು ಕರ್ನಾಟಕವನ್ನು ಆರಿಸಿದರೆ ಕಾಸರಗೋಡಿನ ಶಾಖೆಯ ಆಸೆ ಬಿಡಬೇಕು, ಕೇರಳವನ್ನು ಆರಿಸಿದರೆ ಮಲಯಾಳ ಕಲಿತಿರಬೇಕು. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಮಾತ್ರ ಕರ್ನಾಟಕ ಮತ್ತು ಕೇರಳವನ್ನು ಸೇರಿಸಿ ಒಂದೇ ವಲಯ ಮಾಡಿ ಬೆಂಗಳೂರಿನಲ್ಲಿ ಕಚೇರಿ ಇಟ್ಟಿದೆ. ಕೆಳಹಂತದ ಸಿಬ್ಬಂದಿಗಾಗಿ ಅದು ನಡೆಸುವ ಎಂಟಿಎಸ್ ಪರೀಕ್ಷೆಯನ್ನೂ ರೈಲ್ವೆಯ ತಾಂತ್ರಿಕೇತರ ಹುದ್ದೆಗಳ ಎನ್‌ಟಿಪಿಸಿ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದಾದ್ದರಿಂದ ನಮ್ಮಲ್ಲಿ ಹಲವರು ಆ ಕಡೆಗೆ ವಾಲುತ್ತಿದ್ದಾರೆ.

ಆದರೂ ನಾನು ಇಲ್ಲಿಯ ಪರೀಕ್ಷೆಯನ್ನು ಬಿಡುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಕೆಲವು ಹುದ್ದೆಗಳಿವೆ, ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳಿವೆ. ಕನ್ನಡ ಸರಿಯಾಗಿ ಬಾರದವರು ಕನ್ನಡ ಮಾಧ್ಯಮದ ತರಗತಿಗೆ ಪಾಠ ಮಾಡಲು ಬಂದಾಗ ಹೆತ್ತವರೂ ಮಕ್ಕಳೂ ಶಾಲೆಯ ಗೇಟಿನ ಮುಂದೆ ಪ್ರತಿಭಟಿಸಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅರ್ಹರಾದ ನಮ್ಮವರು ರ‍್ಯಾಂಕ್ ಲಿಸ್ಟಿನಲ್ಲಿ ಇಲ್ಲದಿದ್ದರೆ ಆ ಜಾಗ ಬೇರೆಯವರಿಂದ ತುಂಬುತ್ತದೆ, ಲಿಸ್ಟಿನ ಅವಧಿ ಮುಗಿಯುವವರೆಗೆ ಏನೂ ಮಾಡಲಾಗದು. ವರ್ಕಾಡಿಯ ಒಬ್ಬ ಅಜ್ಜಿ ಪಿಂಚಣಿಯ ಅರ್ಜಿ ಹಿಡಿದು ಪಂಚಾಯತಿಗೆ ಹೋದಾಗ ಅವರಿಗೆ ತುಳುವಿನಲ್ಲೋ ಕನ್ನಡದಲ್ಲೋ ಉತ್ತರ ಕೊಡುವ ಗುಮಾಸ್ತೆ ಆ ಮೇಜಿನ ಹಿಂದೆ ಇರಬೇಕು. ನಾವೆಲ್ಲ ಬೆಂಗಳೂರಿಗೆ ಬಂದುಬಿಟ್ಟರೆ ಆ ಮೇಜಿನ ಹಿಂದೆ ಯಾರಿರುತ್ತಾರೆ, ನೀವೇ ಹೇಳಿ.

ನೀವು ನಿಜವಾಗಿ ಸಹಾಯ ಮಾಡಬೇಕೆಂದಿದ್ದರೆ ಒಂದು ಕೆಲಸವಿದೆ. ನಿಮ್ಮಲ್ಲಿ ಗುಮಾಸ್ತರು, ಪಂಚಾಯತಿ ಅಧಿಕಾರಿಗಳ ಹುದ್ದೆಗಳಿಗೆ ನಡೆದ ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆಗಳ ಸಾಮಾನ್ಯ ಕನ್ನಡ ಪ್ರಶ್ನೆಪತ್ರಿಕೆಗಳು ಅಲ್ಲಿಯ ಪುಸ್ತಕದ ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ ಸಿಗುತ್ತವೆ. ಪದಶುದ್ಧಿ, ಗಾದೆ, ಸಮಾನಾರ್ಥಕಗಳ ಅಭ್ಯಾಸಕ್ಕೆ ಅವು ನಮ್ಮ ಹತ್ತು ಅಂಕಗಳ ಭಾಗಕ್ಕೆ ನೇರವಾಗಿ ಒದಗುತ್ತವೆ. ಉತ್ತರಗಳೂ ಇರುವ ಪುಸ್ತಕವನ್ನೇ ನೋಡಿ, ಎರಡು ಪ್ರತಿ ಕಳುಹಿಸಿಕೊಡಿ. ಒಂದು ನನ್ನ ಬಳಿ ಇರುತ್ತದೆ, ಇನ್ನೊಂದನ್ನು ಪೆರ್ಲದ ಗೆಳತಿಯರಿಗೆ ಕೊಡುತ್ತೇನೆ.