ಎಲ್ ಬ್ರೊಂಕೊ ನಿಜಕ್ಕೂ ಹೊರಗಿನವರೇ?

‘ಎಲ್ ಬ್ರೊಂಕೊ’ ಅಂತಲೇ ಹೆಸರಾದ ಹೈಮೆ ರೊಡ್ರಿಗೆಸ್ ಕಾಲ್ದೆರೋನ್ ಪಕ್ಷವಿಲ್ಲದೆ ಮೆಕ್ಸಿಕೊದ ನುಯೆವೊ ಲಿಯೋನ್ ರಾಜ್ಯದ ಗವರ್ನರ್ ಆಗಿ ಗೆದ್ದದ್ದು ಹೇಗೆ, ಅದೇ ಮೋಡಿ 2018ರ ಅಧ್ಯಕ್ಷ ಚುನಾವಣೆಯಲ್ಲಿ ಯಾಕೆ ನಡೆಯಲಿಲ್ಲ ಅಂತ ಕೇಳಿದ್ದೀರಿ. ಪಕ್ಷೇತರ ಅಂದರೆ ರಾಜಕೀಯಕ್ಕೇ ಹೊಸಬರು ಅಂದುಕೊಳ್ಳಬೇಡಿ. ಮೆಕ್ಸಿಕೊವನ್ನು ದಶಕಗಟ್ಟಲೆ ಆಳಿದ ಪಿಆರ್‌ಐ ಪಕ್ಷದಲ್ಲೇ ಮೂರು ದಶಕ ಪಳಗಿದವರು ಅವರು, ಪಕ್ಷ ಬಿಟ್ಟದ್ದು 2014ರಲ್ಲಿ. (‘ಬ್ರೊಂಕೊ’ ಅಂದರೆ ಪಳಗದ ಕುದುರೆ, ತಮಾಷೆ ನೋಡಿ!) ಅದೇ ರಾಜ್ಯದ ರಾಜಧಾನಿ ಮಾಂಟೆರ್ರೆ ಪಕ್ಕದ ಗಾರ್ಸಿಯಾದಲ್ಲಿ ಮೇಯರ್ ಆಗಿದ್ದಾಗ ಗುಂಡಿನ ದಾಳಿಯಿಂದ ಪಾರಾಗಿದ್ದರು. ಆ ಧೈರ್ಯದ ಹೆಸರೇ ಅವರ ಬಂಡವಾಳ.

2012ರ ಸಂವಿಧಾನ ತಿದ್ದುಪಡಿ ಪಕ್ಷೇತರರಿಗೆ ಬಾಗಿಲು ತೆರೆದಿತ್ತು. ನುಯೆವೊ ಲಿಯೋನ್ ಜನ ಹಳೇ ಪಕ್ಷಗಳಿಂದ ರೋಸಿಹೋಗಿದ್ದರು. ಇವರು ಫೇಸ್‌ಬುಕ್ಕಿನಲ್ಲಿ ನೇರವಾಗಿ ಮಾತಿಗಿಳಿದರು. 2015ರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮತ ಬಾಚಿಕೊಂಡರು.

2018ರ ಅಧ್ಯಕ್ಷ ಚುನಾವಣೆಯಲ್ಲಿ ಶುರುವಿನಲ್ಲೇ ಎಡವಟ್ಟು. ಕಣಕ್ಕಿಳಿಯಲು ಪಕ್ಷೇತರರು ಮತದಾರರಿಂದ ಸಂಗ್ರಹಿಸಬೇಕಾದ ಬೆಂಬಲದ ಸಹಿಗಳು ಸರಿಯಿಲ್ಲವೆಂದು ಚುನಾವಣಾ ಸಂಸ್ಥೆ ತಡೆಯಿತು, ನ್ಯಾಯಮಂಡಳಿ ಒಳಗೆ ಬಿಟ್ಟಿತು. ಟಿವಿ ಚರ್ಚೆಯಲ್ಲಿ ಕದಿಯುವವರ ಕೈ ಕತ್ತರಿಸಬೇಕು ಅಂದರು. ನಿರೂಪಕಿ ‘ನಿಜಕ್ಕೂ ಕತ್ತರಿಸೋದಾ?’ ಅಂತ ಮತ್ತೆ ಕೇಳಿದರೂ ಹಿಂದೆ ಸರಿಯಲಿಲ್ಲ. ಸಿಕ್ಕಿದ್ದು ಶೇ. 5ರಷ್ಟು ಮತ. ನನ್ನ ಲೆಕ್ಕದಲ್ಲಿ ಕಾರಣ ಆ ಮಾತಲ್ಲ. ವ್ಯವಸ್ಥೆಯ ಮೇಲಿನ ಸಿಟ್ಟನ್ನೆಲ್ಲ ಆ ವರ್ಷ ಅಧ್ಯಕ್ಷರಾಗಿ ಗೆದ್ದ ಲೋಪೆಸ್ ಒಬ್ರಾದೋರ್ ಬಾಚಿಕೊಂಡಿದ್ದರು.